ಕಲಾಯಿ ಡಬ್ಬದಲ್ಲಿ ರೀಜೆನ್ಸಿ ಐಸ್: ನನ್ನ ಅನುಭವ

ತಾಮ್ರದ ಡಬ್ಬದಲ್ಲಿ ಐಸ್ ಕ್ರೀಮ್ ನುಣ್ಣಗೆ ಆಗಲ್ಲ ಅಂದವರೇ ಎರಡನೇ ಸಲ ಕಪ್ ಹಿಡಿದು ಸಾಲಿಗೆ ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಕಾಲದವರು ಬಳಸುತ್ತಿದ್ದ ಪ್ಯೂಟರ್ (ತವರದ ಮಿಶ್ರಲೋಹ) ಪಾಟ್ ಇರಲಿಲ್ಲ. ಹಿಡಿ ತಿರುಗಿಸುವ ಯಂತ್ರ ಇರಲಿಲ್ಲ. ಕರೆಂಟ್ ಅಂತೂ ಇಲ್ಲವೇ ಇಲ್ಲ. ಕಲಾಯಿ ಹಾಕಿಸಿದ ತಾಮ್ರದ ಡಬ್ಬ, ಮರದ ಬಕೆಟ್, ಐಸು, ಉಪ್ಪು. ಇಷ್ಟರಲ್ಲೇ ಎಪ್ಪತ್ತು ಚಿಲ್ಲರೆ ಜನರಿಗೆ ಇನ್ನೂರು ವರ್ಷದ ಹಿಂದಿನ ರೀತಿಯಲ್ಲಿ ಐಸ್ ಕ್ರೀಮ್ ಮಾಡಿ ಬಡಿಸಿದೆ. ನುಣ್ಣಗೆ ಬಂದಿತ್ತು. ಸುಮ್ನೆ ಹೇಳುತ್ತಿಲ್ಲ, ಹಲ್ಲಿಗೆ ಒಂದು ಹರಳೂ ಸಿಗಲಿಲ್ಲ.

ಫ್ರೀಜಿಂಗ್ ಪಾಟ್ ಅಂದರೇನು, ಸ್ಪ್ಯಾಡಲ್ ಹೇಗೆ ಹಿಡಿಯಬೇಕು ಅಂತೆಲ್ಲ ಉದ್ದಕ್ಕೆ ವಿವರಿಸಲ್ಲ. ಇದನ್ನು ಓದುತ್ತಿರುವವರಿಗೆ ಈ ಹುಚ್ಚು ಆಗಲೇ ಇರುತ್ತದೆ. ಹೊಸಬರಿಗೆ ಇಷ್ಟು: ಫ್ರೀಜಿಂಗ್ ಪಾಟ್ ಅಂದರೆ ಐಸು ಉಪ್ಪಿನ ಬಕೆಟ್ಟಿನಲ್ಲಿ ಕೂರಿಸಿ ಕೈಯಲ್ಲಿ ತಿರುಗಿಸುವ ಮುಚ್ಚಳದ ಡಬ್ಬ, ಸ್ಪ್ಯಾಡಲ್ ಅಂದರೆ ಅದರ ಒಳಗೋಡೆ ಕೆರೆಯುವ ಸಟ್ಟುಗ. ಹಿಡಿ ತಿರುಗಿಸುವ ಐಸ್ ಕ್ರೀಮ್ ಯಂತ್ರ ಬಂದದ್ದು 1843ರಲ್ಲಿ. ರೀಜೆನ್ಸಿ ಅಂದರೆ ಇಂಗ್ಲೆಂಡಿನಲ್ಲಿ ರಾಜನ ಬದಲು ಅವನ ಮಗ ಆಳಿದ ಕಾಲ, 1811ರಿಂದ 1820. ಆ ಕಾಲದ ಊಟ ಅಂತ ಹೇಳಿ ಯಂತ್ರ ತಿರುಗಿಸಿದರೆ ಅದು ಮೋಸ.

ನಾನಿರುವುದು ಬ್ರಿಸ್ಟಲ್‌ನಲ್ಲಿ. ವಾರವೆಲ್ಲ ಕಂಪ್ಯೂಟರ್ ಕೆಲಸ. ಪಕ್ಕದ ಬಾತ್ ಕಡೆ ನಮ್ಮದೊಂದು ಹಳೇ ನೃತ್ಯದ ತಂಡ ಇದೆ. ವರ್ಷಕ್ಕೊಮ್ಮೆ ಬಾಲ್, ಅಂದರೆ ಹಳೇ ಕಾಲದ ಉಡುಪಿನ ನೃತ್ಯಕೂಟ, ಮಾಡುತ್ತೇವೆ. ನನ್ನ ಕಾಲಿಗೆ ಕುಣಿತ ಬರುವುದಿಲ್ಲ. ಹಾಗಾಗಿ ಸಪ್ಪರ್, ಅಂದರೆ ಅವತ್ತಿನ ರಾತ್ರಿಯೂಟ, ನನ್ನ ಪಾಲಿಗೆ ಬಂತು. ನೀಗಸ್ (ಬಿಸಿ ವೈನಿನ ಪಾನಕ), ವೈಟ್ ಸೂಪ್, ಜೆಲ್ಲಿ ಎಲ್ಲ ಮಾಡಿ ಪಳಗಿದ್ದೆ. ಐಸ್ ಮಾತ್ರ, ಅಂದರೆ ಐಸ್ ಕ್ರೀಮ್, ಪ್ರತಿ ವರ್ಷ ಅಂಗಡಿಯಿಂದ ತಂದು, ಚೀನೀ ಪಿಂಗಾಣಿ ಕಪ್ಪಿಗೆ ಹಾಕಿ, ಮೇಲೊಂದು ಪುದೀನ ಎಲೆ ಇಟ್ಟು ಕೊಡುತ್ತಿದ್ದೆವು. ಬಟ್ಟೆ ಹೊಲಿಯುವವರು ಗುಂಡಿ ಯಾವ ಕಾಲದ್ದು ಅಂತ ಜಗಳ ಆಡುತ್ತಾರೆ. ತಿನ್ನುವುದರಲ್ಲಿ ಮಾತ್ರ ಯಾರೂ ಕೇಳುವವರಿಲ್ಲ. ನನಗೆ ಅದು ಸಹಿಸಲಾಗಲಿಲ್ಲ.

ಮೊದಲು ದುಡ್ಡು ಹೋದ ಕತೆ. ಹರಾಜಿನಲ್ಲಿ ಹಳೇ ಪ್ಯೂಟರ್ ಪಾಟ್ ಒಂದು ಸಿಕ್ಕಿತು. ಸುಮಾರು 180 ಪೌಂಡ್, ಮೇಲೆ ಹರಾಜಿನವರ ಕಮಿಷನ್. ಮುಚ್ಚಳ, ಹಿಡಿ ಎಲ್ಲ ಸರಿಯಾಗಿತ್ತು. ಮನೆಗೆ ತಂದು ಸೀಸ ಪರೀಕ್ಷೆಯ ಕಡ್ಡಿ ಉಜ್ಜಿದೆ. ಕೆಂಪಗಾಯಿತು. ಹಳೇ ಪ್ಯೂಟರ್‌ನಲ್ಲಿ ಸೀಸ ಬೆರೆಸುತ್ತಿದ್ದರು ಅಂತ ನಮಗೆಲ್ಲ ಗೊತ್ತು. ನಿಂಬೆರಸದ ವಾಟರ್ ಐಸ್ (ಹಾಲು, ಕೆನೆ ಇಲ್ಲದ್ದು) ಅದರಲ್ಲಿ ಮಾಡಿ ಜನರಿಗೆ ಕೊಡಲು ಆಗುತ್ತದಾ? ಈಗ ಅದರಲ್ಲಿ ಛತ್ರಿಗಳಿವೆ. ಸೀಸವಿಲ್ಲದ ಹೊಸ ಪ್ಯೂಟರ್‌ನಲ್ಲಿ ಮಾಡಿಸೋಣ ಅಂತ ಒಬ್ಬರನ್ನು ಕೇಳಿದೆ. ಅವರು ಹೇಳಿದ ಬೆಲೆಗೆ ಊರಿಗೆ ವಿಮಾನದ ಟಿಕೆಟ್ ಬರುತ್ತಿತ್ತು. ಟಿಕೆಟ್ಟೇ ತೆಗೆದುಕೊಂಡೆ.

ಅದಕ್ಕೂ ಮೊದಲು ಸ್ಟೀಲ್ ಹಾಲಿನ ಕ್ಯಾನ್‌ನಲ್ಲಿ ಒಂದು ಕೈ ನೋಡಿದ್ದೆ. ಒಂದೂಕಾಲು ಗಂಟೆ ತಿರುಗಿಸಿದರೂ ಪಾಯಸದ ಹದ ದಾಟಲಿಲ್ಲ. ಸ್ಟೀಲ್ ಶೀತವನ್ನು ಒಳಗೆ ಬಿಡುವುದೇ ಕಷ್ಟ. ಐಸು ಮುಗಿಯಿತು, ತೋಳು ಬಿದ್ದುಹೋಯಿತು. ಆಗ ನನ್ನ ಹೆಂಡತಿಯ ತಮ್ಮ ಇಲ್ಲೇ ಇದ್ದ. ಸೋಫಾ ಮೇಲೆ ಕೂತು, “ಭಾವ, ಫ್ರೀಜರ್ ಬಾಗಿಲು ತೆಗೆದರೆ ನಾಲ್ಕು ಹೆಜ್ಜೆ” ಅಂದ. ಇವಳು, “ರೀ, ಆ ಉಪ್ಪು ನೀರು ನನ್ನ ಗುಲಾಬಿ ಬುಡಕ್ಕೆ ಸುರೀಬೇಡಿ, ಅಷ್ಟೇ” ಅಂದಳು.

ಆ ಟಿಕೆಟ್‌ನಲ್ಲಿ ಊರಿಗೆ ಹೋದಾಗ ಹಾಸನದಲ್ಲಿ ತಾಮ್ರದ ಪಾತ್ರೆ ಬಡಿಯುವ ಒಬ್ಬ ಹಿರಿಯರಿಗೆ ಚಿತ್ರ ತೋರಿಸಿದೆ. ನೆಟ್ಟಗಿನ ಡಬ್ಬ, ಎರಡೂವರೆ ಲೀಟರ್ ಹಿಡಿಯಬೇಕು, ಮುಚ್ಚಳ ಒಳಗೆ ಬಿಗಿಯಾಗಿ ಕೂರಬೇಕು, ಮುಚ್ಚಳಕ್ಕೆ ಗಟ್ಟಿ ಹಿಡಿ ಇರಬೇಕು.

“ಏನಕ್ಕೆ ಸ್ವಾಮಿ ಇದು?”

“ಐಸ್ ಕ್ರೀಮ್ ಮಾಡೋಕೆ.”

“ಯಾಕೆ, ಇಂಗ್ಲೆಂಡಲ್ಲಿ ಫ್ರಿಜ್ ಸಿಗಲ್ವಾ?”

ತಾಮ್ರಕ್ಕೂ ಕೂಲಿಗೂ ಸೇರಿ ಎರಡು ಡಬ್ಬಕ್ಕೆ ಐದು ಸಾವಿರ ರೂಪಾಯಿ ಆಸುಪಾಸು ಆಯಿತು. ಕಲಾಯಿಗೆ ಬೇರೆ ಒಂದು ಸಾವಿರ. ನವಸಾಗರ ಹಾಕಿ ತವರ ಉಜ್ಜುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಸೀಸ ಬೆರೆಸದ ತವರವೇ ಬೇಕು ಅಂತ ಹಟ ಹಿಡಿದು, ಅಂಗಡಿಯಿಂದ ನಾನೇ ತಂದುಕೊಟ್ಟೆ. ರೀಜೆನ್ಸಿ ಅಡುಗೆಮನೆಯಲ್ಲೂ ತಾಮ್ರದ ಪಾತ್ರೆಗೆ ಆಗಾಗ ಕಲಾಯಿ ಹಾಕಿಸಲೇಬೇಕಿತ್ತು. ಇಲ್ಲದಿದ್ದರೆ ಕಿಲುಬು ಊಟಕ್ಕೆ ಇಳಿಯುತ್ತಿತ್ತು. ಹಾಗಾಗಿ ಇದು ನನ್ನ ಕಡೆಯ ಬೆರಕೆ ಅಂತ ಯಾರೂ ಹೇಳುವ ಹಾಗಿಲ್ಲ.

ಹೇಳಿದರು. ನಮ್ಮ ತಂಡದ ಹಿರಿಯಾಕೆ ಈ ಅಡುಗೆಯಲ್ಲಿ ಇಪ್ಪತ್ತು ವರ್ಷ ಕಳೆದವರು. ತಾಮ್ರ ಅಂದ ತಕ್ಷಣ ತಲೆ ಅಲ್ಲಾಡಿಸಿದರು. ಹಳೇ ಮಿಠಾಯಿಗಾರರು ಪ್ಯೂಟರ್ ಹಿಡಿದದ್ದೇ ಅದು ನಿಧಾನ ಅಂತ. ಬೇಗ ತಣ್ಣಗಾಗುವ ಪಾತ್ರೆಯಲ್ಲಿ ಅಂಚಿನಲ್ಲಿ ಗಟ್ಟಿಯಾಗುವುದನ್ನು ಕೆರೆದು ಬೆರೆಸುವಷ್ಟು ಸಮಯ ಸಿಗುವುದಿಲ್ಲ. ಅವರ ಮಾತು ಸರಿ ಅಂತ ಮೊದಲ ದಿನವೇ ಗೊತ್ತಾಯಿತು. ಒಂದು ಪಾಲು ಉಪ್ಪು, ಮೂರು ಪಾಲು ಐಸು, ನಾವೆಲ್ಲ ಹಾಕುವ ಲೆಕ್ಕವೇ. ಮೂರು ನಾಲ್ಕು ನಿಮಿಷದಲ್ಲಿ ಒಳಗೋಡೆಗೆ ಹಲಗೆಯಂಥ ಪದರ ಹಿಡಿಯಿತು. ಸ್ಪ್ಯಾಡಲ್ ಹಾಕಿ ಎಬ್ಬಿಸಿದರೆ ಚಕ್ಕೆ ಚಕ್ಕೆಯಾಗಿ ಬಂತು. ನಡುವೆ ಇನ್ನೂ ನೀರು. ತಿಂದರೆ ಜಲ್ಲಿಕಲ್ಲು. ಹಾಗೇ ಎಷ್ಟು ಕ್ರೀಮ್ ಹೋಯಿತೋ! ಒಂದು ಸಲಕ್ಕೆ ಏಳೆಂಟು ಪೌಂಡ್ ಲೆಕ್ಕ ಹಿಡಿಯಿರಿ. ಕರಗಿದ್ದನ್ನು ಇವಳು ಶ್ಯಾವಿಗೆ ಪಾಯಸಕ್ಕೆ ಹಾಕಿ ಸ್ವಲ್ಪ ಉಳಿಸಿದಳು.

ಇನ್ನೊಂದು ಪೆಟ್ಟು ಅಳತೆಯಿಂದ ಬಂತು. ನಾನು ಹಿಡಿದದ್ದು ಫ್ರೆಡ್ರಿಕ್ ನಟ್ ಅನ್ನುವ ಮಿಠಾಯಿಗಾರ 1789ರಲ್ಲಿ ಅಚ್ಚು ಹಾಕಿಸಿದ ಪಾಕವಿಧಾನಗಳನ್ನು. ಲಂಡನ್ನಿನ ಬರ್ಕ್ಲಿ ಸ್ಕ್ವೇರ್‌ನ ನೆಗ್ರಿಯವರ ಮಿಠಾಯಿ ಅಂಗಡಿಯಲ್ಲಿ ಕಲಿತವನು ಆತ. ಮುಂದೆ ಗಂಟರ್ಸ್ ಅಂತ ಹೆಸರಾದದ್ದು ಅದೇ ಅಂಗಡಿ. ಪಾರ್ಮೆಸಾನ್ ಐಸ್‌ಗೆ ಆತನ ಲೆಕ್ಕ ಆರು ಮೊಟ್ಟೆ, ಅರ್ಧ ಪಿಂಟ್ ಸಕ್ಕರೆ ಪಾಕ, ಒಂದು ಪಿಂಟ್ ಕ್ರೀಮ್, ಮೂರು ಔನ್ಸ್ ತುರಿದ ಚೀಸ್. ನಾನು ಇಲ್ಲಿನ 568 ಮಿಲಿಯ ಪಿಂಟ್ ಹಿಡಿದು ಮಾಡುತ್ತಿದ್ದೆ. ಅದು 1824ರ ಕಾನೂನಿನಿಂದ ಬಂದದ್ದು. ಅದಕ್ಕೂ ಹಿಂದಿನ ವೈನ್ ಪಿಂಟ್ ಸುಮಾರು 473 ಮಿಲಿ. ಕ್ರೀಮೂ ಪಾಕವೂ ಐದರಲ್ಲಿ ಒಂದು ಪಾಲು ಜಾಸ್ತಿ, ಮೊಟ್ಟೆ ಚೀಸ್ ಮಾತ್ರ ಅಷ್ಟೇ. ಕಸ್ಟರ್ಡ್ ಎಲ್ಲಿ ಗಟ್ಟಿಯಾಗಬೇಕು? ಆದರೆ ಆಗಿನ ಮೊಟ್ಟೆ ಈಗಿನದಕ್ಕಿಂತ ಚಿಕ್ಕದು. ಅದಕ್ಕೇ 473ರ ಅಳತೆಗೆ ಈಗಿನ ಮೊಟ್ಟೆ ನಾಲ್ಕೂವರೆ, ಐದು ಸಾಕು. ಇದೊಂದನ್ನು ಸರಿಮಾಡಿದ ಮೇಲೆ ಅರ್ಧ ಗೋಳು ಹೋಯಿತು. ಹಳೇ ಪಾಕವಿಧಾನ ಹಿಡಿದು ಕೂತವರು ಪಿಂಟ್ ಯಾವುದು ಅಂತ ಮೊದಲು ನೋಡಿ. ಅಮೆರಿಕದ ಅಳತೆಯ ಕಪ್ ಇದ್ದರೆ ಇನ್ನೂ ಸುಲಭ. ಅವರದ್ದು ಈಗಲೂ ಹಳೇ ಪಿಂಟೇ.

ವಾಟರ್ ಐಸ್‌ಗೆ ಸಕ್ಕರೆ ಹದ ನೋಡಲು ಮೀಟರ್ ಬೇಡ. ತೊಳೆದ ಹಸಿ ಮೊಟ್ಟೆಯನ್ನು ತಣ್ಣಗಿನ ರಸದಲ್ಲಿ ಬಿಡಿ. ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಚಿಪ್ಪು ಕಂಡರೆ ಸಾಕು. ಜಾಸ್ತಿ ಕಂಡರೆ ಸಕ್ಕರೆ ಜಾಸ್ತಿ, ಗಟ್ಟಿಯಾಗಲ್ಲ. ಮುಳುಗಿದರೆ ಬಂಡೆ. ಪೋರ್ಟ್ ವೈನ್ ಸೇರಿಸಿ ಮಾಡೋಣ ಅಂತ ಒಬ್ಬ ಮಹಾಶಯ ಅರ್ಧ ಬಾಟಲಿ ಸುರಿದಿದ್ದ. ಆ ಡಬ್ಬ ಬೆಳಗಿನವರೆಗೂ ನೀರಾಗಿಯೇ ಇತ್ತು. ಸೊಗಸಾಗಿಯೂ ಇತ್ತು, ಅದು ಬೇರೆ ಮಾತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ತಾಮ್ರ ಬೇಗ ಅನ್ನುವುದು ನಿಜ. ಪಾತ್ರೆಯನ್ನು ನಿಧಾನ ಮಾಡಲು ಆಗಲ್ಲ, ಆದರೆ ಉಪ್ಪನ್ನು ನಿಧಾನ ಮಾಡಬಹುದಲ್ವಾ? ಎಲ್ಲರೂ ಉಪ್ಪು ಒಂದೇ ಸಲ ಸುರಿಯುತ್ತಾರೆ. ನಾನು ಕಂತಿನಲ್ಲಿ ಹಾಕಿದೆ. ಮೊದಲು ಎಂಟು ಪಾಲು ಐಸಿಗೆ ಒಂದು ಪಾಲು ಉಪ್ಪು. ಆಗ ಬಕೆಟ್ ಮೈನಸ್ ಆರೇಳು ಡಿಗ್ರಿಯಲ್ಲಿ ನಿಲ್ಲುತ್ತದೆ. ಅಂಚಿಗೆ ಹಿಡಿಯುವುದು ತೆಳ್ಳನೆ ಕೆನೆಯಷ್ಟೇ. ಕೆರೆದು ಬೆರೆಸುತ್ತಾ ಹೋಗಬಹುದು. ಎರಡು ನಿಮಿಷ ತಿರುಗಿಸು, ಮುಚ್ಚಳ ತೆಗೆ, ಕೆರೆ, ಬೆರೆಸು, ಮುಚ್ಚು. ಒಳಗಿನದು ಮೊಸರಿನ ಹದಕ್ಕೆ ಬಂದ ಮೇಲೆ ಉಳಿದ ಉಪ್ಪು ಹಾಕಿ ಒಂದಕ್ಕೆ ಮೂರರ ಲೆಕ್ಕಕ್ಕೆ ತರಬೇಕು. ಆಗ ಮೈನಸ್ ಹದಿನೈದರಿಂದ ಕೆಳಕ್ಕೆ ಇಳಿಯುತ್ತದೆ, ಬೇಗ ಬಿಗಿಯುತ್ತದೆ. ಹೊತ್ತಿಗೆ ಸರಿಯಾಗಿ ಹಾಕಿದರೆ ಎರಡು ಲೀಟರ್ ಒಟ್ಟು ನಲವತ್ತು ನಿಮಿಷದ ಒಳಗೆ. ಪ್ಯೂಟರ್‌ಗಿಂತ ತಾಮ್ರ ಈ ಎರಡನೇ ಹಂತದಲ್ಲಿ ಗೆಲ್ಲುತ್ತದೆ. ಎರಡನೇ ಕಂತು ಯಾವಾಗ ಅನ್ನುವುದನ್ನು ನಾನು ಡಬ್ಬದ ಸದ್ದಿನಿಂದ ಹಿಡಿಯುತ್ತೇನೆ. ಎಂಥ ಸದ್ದು ಅಂತ ಇಲ್ಲಿ ಬರೆಯಲ್ಲ. ಸ್ವಲ್ಪ ನೀವೂ ಕಷ್ಟಪಡಿ.

ಉಪ್ಪುನೀರು ಒಳಗೆ ನುಗ್ಗುವುದು ಎಲ್ಲರ ಗೋಳು. ಬಕೆಟ್ಟಿನ ಬುಡದ ಬಿರಡೆ ತೆಗೆದು ಆಗಾಗ ನೀರು ಇಳಿಸಿ. ಆದರೆ ಪೂರ್ತಿ ಇಳಿಸಬೇಡಿ, ಶೀತ ಸಾಗಿಸುವುದೇ ಆ ನೀರು. ಮುಚ್ಚಳದ ಅಂಚಿಗೆ ನಾನು ಒಂದು ವಸ್ತು ಹಚ್ಚುತ್ತೇನೆ. ಮನೆಯಲ್ಲೇ ಸಿಗುವಂಥದ್ದು, ಬೆಣ್ಣೆ ಅಲ್ಲ. ಅದನ್ನೂ ಹೇಳಲ್ಲ.

ಐಸು ಎಷ್ಟು ಬೇಕು? ಎರಡು ಲೀಟರ್ ಮಿಶ್ರಣಕ್ಕೆ ಹತ್ತು ಹನ್ನೆರಡು ಕಿಲೋ. ಸೂಪರ್‌ಮಾರ್ಕೆಟ್ ಚೀಲದ ಐಸ್ ದುಬಾರಿ, ತುಂಡೂ ದಪ್ಪ. ಗೋಣಿಗೆ ತುಂಬಿ ಮರದ ಸುತ್ತಿಗೆಯಲ್ಲಿ ಕುಟ್ಟಬೇಕು. ಮೀನಿನ ಅಂಗಡಿಯ ಪುಡಿ ಐಸ್ ಅಗ್ಗ, ನುಣ್ಣಗೂ ಇರುತ್ತದೆ. ಡಬ್ಬದ ಹೊರಗೆ ತಾನೇ ಅಂತ ಒಮ್ಮೆ ಅದನ್ನೇ ತಂದೆ. ಐಸ್ ಕ್ರೀಮ್‌ಗೆ ವಾಸನೆ ಬರಲಿಲ್ಲ, ಕಾರಿಗೆ ಬಂತು. ಇನ್ನೂ ಹೋಗಿಲ್ಲ. ಆಗಿನವರಿಗೆ ಐಸು ಚಳಿಗಾಲದ ಕೆರೆಯಿಂದ ಬರುತ್ತಿತ್ತು. ದೊಡ್ಡ ಮನೆಗಳಲ್ಲಿ ಇಟ್ಟಿಗೆಯ ಗುಂಡಿಯಲ್ಲಿ ಹುಲ್ಲು ಮುಚ್ಚಿ ಬೇಸಿಗೆಯವರೆಗೆ ಇಡುತ್ತಿದ್ದರು. ಕೆರೆ ಸರಿಯಾಗಿ ಹೆಪ್ಪುಗಟ್ಟದ ವರ್ಷ ಮಿಠಾಯಿಗಾರರಿಗೆ ತಲೆನೋವು. 1822ರಲ್ಲಿ ವಿಲಿಯಂ ಲೆಫ್ಟ್‌ವಿಚ್ ಅನ್ನುವ ಲಂಡನ್ ವ್ಯಾಪಾರಿ ಹಡಗಿನಲ್ಲಿ ನಾರ್ವೆಯಿಂದ ಐಸ್ ತರಿಸಿದ. ಹಾಗೆ ನೋಡಿದರೆ ನನ್ನ ಕಾರಿನ ವಾಸನೆ ಚಿಕ್ಕ ಖರ್ಚು.

ಉಪ್ಪು ನನಗೆ 25 ಕಿಲೋ ಚೀಲಕ್ಕೆ ಹತ್ತು ಪೌಂಡಿನ ಒಳಗೆ ಸಿಕ್ಕಿತು. ರೀಜೆನ್ಸಿಯಲ್ಲಿ ಇದೇ ದೊಡ್ಡ ಬಾಬ್ತು. ನೆಪೋಲಿಯನ್ ಯುದ್ಧದ ಖರ್ಚಿಗೆ ಅಂತ 1805ರಿಂದ ಉಪ್ಪಿನ ಮೇಲೆ ಬುಷಲ್‌ಗೆ 15 ಶಿಲ್ಲಿಂಗ್ ತೆರಿಗೆ ಹಾಕಿದ್ದರು. ಬುಷಲ್ ಅಂದರೆ 56 ಪೌಂಡ್ ತೂಕ, ಹತ್ತಿರ ಹತ್ತಿರ ನನ್ನ ಒಂದು ಚೀಲ. ತೆರಿಗೆ ಪೂರ್ತಿ ಹೋದದ್ದು 1825ರಲ್ಲಿ. ಐಸ್ ಶ್ರೀಮಂತರ ತಿಂಡಿ ಆಗಿದ್ದಕ್ಕೆ ಸಕ್ಕರೆ, ಕೆನೆ ಅಷ್ಟೇ ಕಾರಣ ಅಂದುಕೊಳ್ಳುತ್ತೇವೆ. ಕರಗಿಸಿ ಚೆಲ್ಲುವ ಈ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾದಂಬರಿಕಾರ್ತಿ ಜೇನ್ ಆಸ್ಟೆನ್ 1808ರಲ್ಲಿ ಸಿರಿವಂತ ಅಣ್ಣನ ಮನೆಯಿಂದ ಬರೆದ ಕಾಗದದಲ್ಲಿ ಇಲ್ಲಿ ಐಸ್ ತಿನ್ನುತ್ತೇನೆ, ಫ್ರೆಂಚ್ ವೈನ್ ಕುಡಿಯುತ್ತೇನೆ ಅಂತ ತಮಾಷೆ ಮಾಡಿದ್ದು ಸುಮ್ನೆ ಅಲ್ಲ. ಉಪ್ಪಿನ ತೆರಿಗೆ ಅಂದರೆ ನಮಗೆ ದಂಡಿ ನೆನಪಾಗುತ್ತದೆ. ತಮ್ಮ ಜನರ ಮೇಲೆ ಹಾಕಿದ್ದನ್ನು ತೆಗೆದುಹಾಕಿ ನೂರು ವರ್ಷ ಆದಮೇಲೂ ನಮ್ಮಲ್ಲಿ ವಸೂಲಿ ಮಾಡುತ್ತಿದ್ದರು, ನೋಡಿ.

ಆ ಸಿಟ್ಟಿಗೋ ಏನೋ, ಉಪ್ಪುನೀರನ್ನು ಕುದಿಸಿ ಉಪ್ಪು ವಾಪಸ್ ತೆಗೆಯಲು ಹೊರಟೆ. ಹಿತ್ತಲಲ್ಲಿ ಗ್ಯಾಸ್ ಒಲೆ ಇಟ್ಟು ಮಧ್ಯಾಹ್ನವೆಲ್ಲ ಕುದಿಸಿದೆ. ಮೂರು ಕಿಲೋ ಚಿಲ್ಲರೆ ಸಿಕ್ಕಿತು. ಉಪ್ಪಿನ ಬೆಲೆ ಒಂದು ಪೌಂಡ್, ಗ್ಯಾಸಿಗೆ ಆರು ಪೌಂಡ್, ಒಲೆಯ ಬರ್ನರ್ ತುಕ್ಕು. ಆಗಿನ ತೆರಿಗೆ ಇದ್ದಿದ್ದರೆ ಲಾಭ ಆಗುತ್ತಿತ್ತು.

ಇನ್ನೊಂದು ಅಡ್ಡದಾರಿ ಸಿಲಬಬ್. ಬಟ್ಟಲಲ್ಲಿ ಸೈಡರ್ (ಸೇಬಿನ ಮದ್ಯ), ಸಕ್ಕರೆ, ಜಾಯಿಕಾಯಿ ಇಟ್ಟು ಹಸುವಿನ ಕೆಳಗೆ ಹಿಡಿದು ನೇರ ಹಾಲು ಕರೆಯಬೇಕು ಅಂತ ಹಳೇ ಪಾಕವಿಧಾನ. ತಂಡದಲ್ಲಿ ಕೈಯಲ್ಲಿ ಹಾಲು ಕರೆಯಲು ಬರುವವನು ನಾನೊಬ್ಬನೇ. ಅಜ್ಜಿ ಮನೆಯಲ್ಲಿ ನೊರೆಹಾಲು ಕುಡಿದು ಬೆಳೆದವನು. ಒಬ್ಬ ರೈತನನ್ನು ಒಪ್ಪಿಸಿದೆವು. ಯಂತ್ರಕ್ಕೆ ಹೊಂದಿಕೊಂಡ ಹಸು ನನ್ನ ಕೈಗೆ ಮೊದಲು ಒಪ್ಪಲಿಲ್ಲ, ಆಮೇಲೆ ಬಿಟ್ಟಿತು. ನೊರೆ ಚೆನ್ನಾಗಿ ಬಂತು. ಕೆಳಗೆ ಮಾತ್ರ ಹಾಲು ಒಡೆದು ಹುಳಿ ನೀರು. ನಾಲ್ಕು ಜನ ಸಭ್ಯತೆಗೆ ಒಂದೊಂದು ಚಮಚ ತಿಂದರು. ರೈತ ತಿನ್ನಲಿಲ್ಲ.

ಕಾಫಿ ಐಸ್ ಆ ಕಾಲದಲ್ಲೂ ಇತ್ತು. ಚಿಕ್ಕಮಗಳೂರಿನ ಬೀಜ ಹಾಕಿದೆ, ಚಿಕೋರಿ ಇಲ್ಲದೆ. ಆಗ ಲಂಡನ್‌ಗೆ ಬರುತ್ತಿದ್ದದ್ದು ಯೆಮೆನ್‌ನ ಮೋಕಾ, ಕೆರಿಬಿಯನ್ ದ್ವೀಪಗಳ ಕಾಫಿ ಅಂತ ನಮ್ಮ ತಂಡದ ಇತಿಹಾಸದ ಮೇಷ್ಟ್ರು ತಕರಾರು ತೆಗೆದರು. ತಕರಾರು ಮುಗಿಯುವ ಹೊತ್ತಿಗೆ ಅವರ ಕಪ್ ಖಾಲಿ.

ಬಾಲ್ ದಿನ ಮೂರು ಬಗೆ ಇಟ್ಟೆ. ಒಣಗಿಸಿದ ಬ್ರೌನ್ ಬ್ರೆಡ್ ಪುಡಿ ಹಾಕಿದ್ದು, ಪಾರ್ಮೆಸಾನ್, ಎಲ್ಡರ್‌ಫ್ಲವರ್ ನಿಂಬೆ ವಾಟರ್ ಐಸ್. ಒಟ್ಟು ಆರು ಲೀಟರ್ ಹತ್ತಿರ. ಆಗಿನ ಕಪ್ ಪುಟ್ಟದು, ಎರಡು ಮೂರು ಚಮಚ ಹಿಡಿಸುವಂಥದ್ದು. ಅದರ ಮೇಲೆ ಗೋಪುರ ಮಾಡಿ ಕೊಡಬೇಕು. ಅಚ್ಚಿನ ಗೋಜಿಗೆ ಹೋಗಲಿಲ್ಲ, ಹಳೇ ಅಚ್ಚುಗಳೂ ಪ್ಯೂಟರೇ. ಸಂಜೆ ಆರಕ್ಕೆ ತಿರುಗಿಸಲು ಶುರು. ಇಬ್ಬರು ಹುಡುಗರು ಸರದಿಯಲ್ಲಿ ಸೇರಿಕೊಂಡರು. ಮುಗಿದದ್ದನ್ನು ಒಂದು ದೊಡ್ಡ ಪಾತ್ರೆಗೆ ಬಳಿದು, ನೀರು ಇಳಿಸಿ, ಹೊಸ ಐಸು ಉಪ್ಪು ಬಿಗಿದು, ಮೇಲೆ ಊರಿನ ಕರಿ ಕಂಬಳಿ ಹೊದಿಸಿದೆ. ಸಪ್ಪರ್ ಶುರುವಾದದ್ದು ಹತ್ತೂವರೆಗೆ. ಅಷ್ಟು ಹೊತ್ತಾದರೂ ಕೆನೆಯಂತೆ ಚಮಚಕ್ಕೆ ಬಂತು.

ಬಡಿಸುವ ಕ್ರಮದಲ್ಲಿ ನಾನು ಹಟ ಬಿಡಲಿಲ್ಲ. ಆ ಕಾಲದಲ್ಲಿ ಭಕ್ಷ್ಯವೆಲ್ಲ ಒಟ್ಟಿಗೇ ಮೇಜಿನ ಮೇಲೆ, ಎಡಬಲ ಸರಿಹೊಂದುವ ಹಾಗೆ. ತಮ್ಮ ಮುಂದಿರುವ ತಟ್ಟೆಯಿಂದ ಪಕ್ಕದವರಿಗೆ ಬಡಿಸಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ತಂದುಕೊಡುವ ಪದ್ಧತಿ ಆಮೇಲೆ ಬಂದದ್ದು. ಡೆಸರ್ಟ್‌ಗೆ ಮುಂಚೆ ಮೇಜಿನ ಬಟ್ಟೆ ಎಳೆದು ತೆಗೆಯಬೇಕು, ಆಮೇಲೆಯೇ ಹಣ್ಣು, ಬೀಜ, ಐಸ್. ಬಟ್ಟೆ ತೆಗೆಯುವಾಗ ಒಂದು ಜೆಲ್ಲಿ ನೆಲಕ್ಕೆ ಹೋಯಿತು. ಹೋಗಲಿ.

ಪಾರ್ಮೆಸಾನ್ ಕಪ್ ಮೊದಲು ಯಾರೂ ಮುಟ್ಟಲಿಲ್ಲ. ಹಿರಿಯಾಕೆಯೇ ಎತ್ತಿಕೊಂಡರು. ಉಪ್ಪುಪ್ಪು, ಸಿಹಿ, ಚೀಸ್‌ಕೇಕಿನ ಹತ್ತಿರದ ರುಚಿ ಅದು. ನಾಲಗೆಯ ಮೇಲೆ ಒತ್ತಿ ಹರಳು ಹುಡುಕಿದರು. ಸಿಗಲಿಲ್ಲ. “ತಾಮ್ರವಾ?” ಅಂತ ಕೇಳಿದರು. ಹೂಂ ಅಂದೆ. ಅರ್ಧ ಗಂಟೆಯಲ್ಲಿ ಮೂರೂ ಖಾಲಿ. ನನ್ನ ಭಾವಮೈದನಿಗೆ ವಿಡಿಯೋ ಕಳಿಸಿದೆ. ಹೆಬ್ಬೆರಳಿನ ಚಿತ್ರ ಒಂದು ಬಂತು, ಮಾತು ಬರಲಿಲ್ಲ.

ಖರ್ಚು ಹೇಳುತ್ತೇನೆ, ನೆನಪಿದ್ದಷ್ಟು. ಕ್ರೀಮ್, ಮೊಟ್ಟೆ, ಸಕ್ಕರೆ, ಚೀಸ್ ಸೇರಿ ಐವತ್ತು ಪೌಂಡ್ ಹತ್ತಿರ. ಐಸಿಗೆ ಮೂವತ್ತೈದು, ಉಪ್ಪಿಗೆ ಹತ್ತು. ತಲೆಗೆ ಒಂದೂವರೆ ಪೌಂಡೂ ಬೀಳಲಿಲ್ಲ. ಅಂಗಡಿಯ ಒಳ್ಳೆ ಐಸ್ ಕ್ರೀಮಿಗೂ ಹೆಚ್ಚು ಕಡಿಮೆ ಇಷ್ಟೇ ಆಗುತ್ತಿತ್ತು. ಡಬ್ಬ, ವಿಮಾನ, ಛತ್ರಿಯ ಪಾಟ್ ಸೇರಿಸಬೇಡಿ ಅಂತ ಇವಳಿಗೂ ಹೇಳಿದ್ದೇನೆ.

ಡಬ್ಬ ಮಾಡಿಸುವವರಿಗೆ ಎರಡು ಮಾತು. ಕಲಾಯಿ ಒಳಗೆ ಎರಡು ಸಲ ಹಾಕಿಸಿ. ಸ್ಪ್ಯಾಡಲ್ ಲೋಹದ್ದಾದರೆ ಕಲಾಯಿ ಕೆರೆದುಹೋಗುತ್ತದೆ, ನಾನು ಬೀಚ್ ಮರದ್ದು ಕೆತ್ತಿಸಿಕೊಂಡೆ. ಕೆಲಸ ಮುಗಿದ ಕೂಡಲೇ ಉಪ್ಪುನೀರು ತೊಳೆದುಬಿಡಿ, ಬೆಳಗಿನವರೆಗೆ ಬಿಟ್ಟರೆ ಹೊರಗೆ ಹಸಿರು ಹಿಡಿಯುತ್ತದೆ. ಹುಣಸೆಹಣ್ಣು ಹೊರಮೈಗೆ ಮಾತ್ರ, ಒಳಗೆ ಬರೀ ಬಿಸಿನೀರು, ಮೆತ್ತನೆ ಬಟ್ಟೆ. ನನ್ನ ಡಬ್ಬ ಸಾಲ ಕೇಳಬೇಡಿ, ಮುಂದಿನ ವರ್ಷದ ಅನಾನಸ್ ಐಸ್‌ಗೆ ಆಗಲೇ ಮಾತು ಕೊಟ್ಟಾಗಿದೆ.